ವೀಸಾ ಸಿಕ್ಕಿತು, ಹಳದಿ ಪುಸ್ತಕ ಎಲ್ಲಿ?

“ಡಾಕ್ಟ್ರೇ, ಪಾಸ್‌ಪೋರ್ಟ್ ಆಯಿತು, ವೀಸಾ ಆಯಿತು, ಟಿಕೆಟೂ ಆಯಿತು. ಇನ್ನು ನಿಮ್ಮ ಮಾತ್ರೆ ಚೀಟಿಯೊಂದು ಬಾಕಿ” ಎನ್ನುತ್ತ ಕಾರ್ಕಳದ ನಿವೃತ್ತ ಮಾಸ್ಟ್ರೊಬ್ಬರು ಪತ್ನಿಯೊಂದಿಗೆ ನನ್ನ ಎದುರು ಕುಳಿತರು. ಮಗಳ ಬಾಣಂತನಕ್ಕೆ ಹೊರಟಿದ್ದರು. ಮಗಳು, ಅಳಿಯ ಇರುವುದು ಕೆರಿಬಿಯನ್ ಸಮುದ್ರದ ಆಂಟಿಗುವಾ ದ್ವೀಪದಲ್ಲಿ. ಹೊರಡಲು ಒಂಬತ್ತೇ ದಿನ ಉಳಿದಿತ್ತು.

ಮಾಸ್ಟ್ರಿಗೆ 68 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ, ಹತೋಟಿಯಲ್ಲಿವೆ. ಅವರ ಪತ್ನಿಗೆ 62. ಗಂಟುಗಳನ್ನು ತಿನ್ನುವ ಸಂಧಿವಾತಕ್ಕಾಗಿ ಕೆಲವು ವರ್ಷಗಳಿಂದ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಚೀಟಿ ಬರೆಯುತ್ತ, “ದಾರಿ ಹೇಗೆ?” ಎಂದು ಸುಮ್ಮನೆ ಕೇಳಿದೆ. “ಹೋಗುವಾಗ ಬೆಂಗಳೂರು, ಲಂಡನ್, ಆಂಟಿಗುವಾ. ಬರುವಾಗ ಟ್ರಿನಿಡಾಡ್‌ನಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮಗನ ಮನೆಯಲ್ಲಿ ಒಂದು ವಾರ ಇದ್ದು, ಮತ್ತೆ ಲಂಡನ್ ಮೇಲೆ ಊರಿಗೆ. ಟ್ರಿನಿಡಾಡ್‌ಗೆ ನಮಗೆ ವೀಸಾವೇ ಬೇಡವಂತೆ!” ಎಂದರು ಮಾಸ್ಟ್ರು ಉತ್ಸಾಹದಿಂದ.

ನನ್ನ ಪೆನ್ನು ನಿಂತಿತು. ವೀಸಾ ಬೇಡವೆಂಬುದು ನಿಜ. ಆದರೆ ಟ್ರಿನಿಡಾಡ್‌ನಿಂದ ಬರುವವರಲ್ಲಿ ನಮ್ಮದೇ ದೇಶ ಇನ್ನೊಂದು ಕಾಗದ ಕೇಳುತ್ತದೆ. ಆ ಕಾಗದ ಸಿಗಬೇಕಾದರೆ ಚುಚ್ಚಿಸಿಕೊಳ್ಳಬೇಕಾದ ಲಸಿಕೆಯನ್ನು ಮಾಸ್ಟ್ರ ಪತ್ನಿಗೆ ಕೊಡುವಂತೆಯೇ ಇಲ್ಲ. ಈ ಸಂಗತಿ ಪ್ರವಾಸಕ್ಕೆ ಹೊರಡುವ ನಮ್ಮ ಅನೇಕ ಕುಟುಂಬಗಳಿಗೆ ತಿಳಿದಿರುವುದಿಲ್ಲ. ಆದ್ದರಿಂದ ಈ ವಾರದ ಅಂಕಣವನ್ನು ಇದಕ್ಕೇ ಮೀಸಲಿಡುತ್ತಿದ್ದೇನೆ.

ಅಷ್ಟು ದೂರದ ದ್ವೀಪ ನಮಗೇಕೆ?

ಉಡುಪಿಯ ಅಂಕಣದಲ್ಲಿ ಆಂಟಿಗುವಾದ ಮಾತೇಕೆ ಎಂದು ಓದುಗರು ಹುಬ್ಬೇರಿಸಬಹುದು. ಆಂಟಿಗುವಾ ಮತ್ತು ಬಾರ್ಬುಡಾ 1981ರಲ್ಲಿ ಸ್ವತಂತ್ರವಾದ, ಸುಮಾರು 440 ಚದರ ಕಿ.ಮೀ. ವಿಸ್ತಾರದ ಪುಟ್ಟ ದೇಶ. ಕ್ರಿಕೆಟ್ ನೋಡುವ ಮನೆಗಳಿಗೆ ಅದು ವಿವಿಯನ್ ರಿಚರ್ಡ್ಸ್ ಮತ್ತು ಕರ್ಟ್ಲಿ ಆಂಬ್ರೋಸ್ ಅವರ ಊರು. ಮಣಿಪಾಲಕ್ಕೆ ಅದಕ್ಕಿಂತಲೂ ಹತ್ತಿರದ ನಂಟು ಇದೆ. ಅಲ್ಲಿ 2004ರಲ್ಲಿ ಆರಂಭವಾದ ಅಮೆರಿಕನ್ ಯೂನಿವರ್ಸಿಟಿ ಆಫ್ ಆಂಟಿಗುವಾ ಎಂಬ ವೈದ್ಯಕೀಯ ಕಾಲೇಜು ಮುಂದೆ ಮಣಿಪಾಲ ಸಮೂಹದ ಪಾಲಾಯಿತು. ಹೀಗಾಗಿ ಈ ದ್ವೀಪದ ಹೆಸರು ನಮ್ಮಲ್ಲಿ ಅಪರಿಚಿತವಲ್ಲ. ಇನ್ನು ಕಾಪು, ಮಲ್ಪೆ, ಉಡುಪಿ ಕಡೆಯ ಎಷ್ಟೋ ಯುವಕರು ಸರಕು ಹಡಗುಗಳಲ್ಲೂ ಪ್ರವಾಸಿಗರ ಕ್ರೂಸ್ ಹಡಗುಗಳಲ್ಲೂ ದುಡಿಯುತ್ತಾರೆ. ಕ್ರೂಸ್ ಹಡಗುಗಳು ಅತಿ ಹೆಚ್ಚು ಸುತ್ತುವುದು ಕೆರಿಬಿಯನ್ ಸಮುದ್ರದಲ್ಲೇ.

ವೀಸಾ: ಒಂದಲ್ಲ, ಮೂರು ಪ್ರಶ್ನೆ

ಕೆರಿಬಿಯನ್ ಎಂದರೆ ಒಂದು ದೇಶವಲ್ಲ, ಹತ್ತಾರು ದ್ವೀಪರಾಷ್ಟ್ರಗಳು. ಪ್ರತಿಯೊಂದರ ನಿಯಮವೂ ಬೇರೆ. ಆದ್ದರಿಂದ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು.

ಮೊದಲನೆಯದು, ಇಳಿಯುವ ದೇಶಕ್ಕೆ ವೀಸಾ ಬೇಕೇ? ಭಾರತದ ಪಾಸ್‌ಪೋರ್ಟ್ ಇರುವ ಪ್ರವಾಸಿಗರನ್ನು ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್ ಮುಂತಾದ ದೇಶಗಳು ಅಲ್ಪಾವಧಿಗೆ ವೀಸಾ ಇಲ್ಲದೆಯೇ ಬಿಟ್ಟುಕೊಳ್ಳುತ್ತ ಬಂದಿವೆ. ಆಂಟಿಗುವಾಕ್ಕೆ ವೀಸಾ ಬೇಕು. ಅಮೆರಿಕ, ಬ್ರಿಟನ್, ಕೆನಡಾ ಮೊದಲಾದ ದೇಶಗಳ ಚಾಲ್ತಿಯಲ್ಲಿರುವ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ ಶುಲ್ಕ ಪಡೆದು ವಿನಾಯಿತಿ ಕೊಡುವ ಪದ್ಧತಿಯೂ ಇದೆ. ವೀಸಾ ಬೇಡವೆಂದ ಮಾತ್ರಕ್ಕೆ ಕೈಬೀಸಿಕೊಂಡು ಹೋಗಬಹುದೆಂದಲ್ಲ. ಮರಳುವ ಟಿಕೆಟ್, ಉಳಿಯುವ ವಿಳಾಸ, ಖರ್ಚಿಗೆ ಹಣ ಇವನ್ನು ಅಧಿಕಾರಿ ಕೇಳಬಹುದು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಆಯುಸ್ಸು ಇರಲಿ. ಈ ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟಿಗೆ ದುಡ್ಡು ಕಟ್ಟುವ ಮೊದಲು ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ನೋಡಿ, ಪಕ್ಕದ ಮನೆಯವರ ಅನುಭವವನ್ನಲ್ಲ.

ಎರಡನೆಯದು, ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೆ ವೀಸಾ ಬೇಕೇ? ಅಮೆರಿಕದ ಮೂಲಕ ಹೋಗುವುದಾದರೆ, ವಿಮಾನ ನಿಲ್ದಾಣದಲ್ಲಿ ಎರಡು ತಾಸು ಕೂತು ಮುಂದೆ ಹೋಗುವವರಿಗೂ ಅಮೆರಿಕದ ವೀಸಾ ಬೇಕೇ ಬೇಕು. ಲಂಡನ್ ದಾರಿಗೂ ಅದರದೇ ಕಟ್ಟಳೆಗಳಿವೆ. “ದ್ವೀಪಕ್ಕೆ ವೀಸಾ ಬೇಡ” ಎಂದು ಹೊರಟು ಬೆಂಗಳೂರಿನ ಕೌಂಟರಿನಲ್ಲೇ ತಡೆಯಲ್ಪಡುವುದು ಈ ಕಾರಣಕ್ಕೆ.

ಮೂರನೆಯದು ವೈದ್ಯನಾಗಿ ನಾನು ಕೇಳುವ ಪ್ರಶ್ನೆ. ಹೋಗುವ, ಹಾಯುವ, ಮರಳುವ ಈ ದಾರಿಯಲ್ಲಿ ಎಲ್ಲಿಯಾದರೂ ಹಳದಿ ಜ್ವರದ ದೇಶ ಬರುತ್ತದೆಯೇ? ವೀಸಾ ಕಚೇರಿಯವರಾಗಲಿ ಟಿಕೆಟ್ ಕೊಟ್ಟವರಾಗಲಿ ಇದನ್ನು ನಿಮಗೆ ನೆನಪಿಸುತ್ತಾರೆಂದು ನಂಬಿ ಕೂರಬೇಡಿ.

ಹಳದಿ ಜ್ವರ ಎಂದರೆ ಕಾಮಾಲೆಯೇ?

ಅಲ್ಲ. ನಮ್ಮಲ್ಲಿ ಕಣ್ಣು ಹಳದಿಯಾದರೆ ಕಾಮಾಲೆ ಎನ್ನುತ್ತೇವೆ. ಅದಕ್ಕೆ ಕಲುಷಿತ ನೀರಿನಿಂದ ಬರುವ ಯಕೃತ್ತಿನ ಉರಿಯೂತ, ಇಲಿಜ್ವರ, ಪಿತ್ತಕೋಶದ ಕಲ್ಲು, ಮದ್ಯಪಾನ ಹೀಗೆ ನೂರು ಕಾರಣ. ಹಳದಿ ಜ್ವರ ಅಥವಾ ಎಲ್ಲೋ ಫೀವರ್ ಒಂದು ನಿರ್ದಿಷ್ಟ ವೈರಸ್‌ನಿಂದ ಬರುವ, ಸೊಳ್ಳೆಯಿಂದ ಹರಡುವ ರೋಗ. ಅದು ಆಫ್ರಿಕಾ ಖಂಡದಲ್ಲಿಯೂ ದಕ್ಷಿಣ ಮತ್ತು ಮಧ್ಯ ಅಮೆರಿಕದ ಕೆಲವು ದೇಶಗಳಲ್ಲಿಯೂ ಇದೆ. ಭಾರತದಲ್ಲಿ ಇಲ್ಲ.

ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನಗಳಲ್ಲಿ ಜ್ವರ, ತಲೆನೋವು, ಬೆನ್ನುನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಹೆಚ್ಚಿನವರು ಮೂರು ನಾಲ್ಕು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ಜ್ವರ ಇಳಿದಂತಾಗಿ ಒಂದು ದಿನದೊಳಗೆ ಮತ್ತೆ ಏರುತ್ತದೆ. ಯಕೃತ್ತು, ಮೂತ್ರಪಿಂಡಗಳು ಕೆಡುತ್ತವೆ, ಮೈ ಹಳದಿಯಾಗುತ್ತದೆ, ಬಾಯಿ ಮೂಗುಗಳಿಂದ ರಕ್ತ ಬರುತ್ತದೆ. ಈ ಹಂತ ಮುಟ್ಟಿದವರಲ್ಲಿ ಅರ್ಧದಷ್ಟು ಮಂದಿ ಹತ್ತು ದಿನದೊಳಗೆ ಸಾಯುತ್ತಾರೆ. ರೋಗವನ್ನು ನೇರವಾಗಿ ಗುಣಪಡಿಸುವ ಔಷಧ ಇಲ್ಲ. ಇರುವುದು ಲಸಿಕೆ ಮಾತ್ರ.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಸುಲಭ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಆ ವೈರಸ್ಸೂ ಹಳದಿ ಜ್ವರದ ವೈರಸ್ಸೂ ಒಂದೇ ಕುಟುಂಬಕ್ಕೆ ಸೇರಿದವು. ಅಲ್ಲಿ ಉಣ್ಣಿ ಹರಡುತ್ತದೆ, ಇಲ್ಲಿ ಸೊಳ್ಳೆ. ಎರಡರಲ್ಲೂ ಕಾಡಿನ ಮಂಗಗಳೇ ಮೊದಲು ಸಾಯುವುದು. ಟ್ರಿನಿಡಾಡ್ ದಕ್ಷಿಣ ಅಮೆರಿಕಕ್ಕೆ ತೀರ ಸಮೀಪದ, ಕಾಡೂ ಮಂಗಗಳೂ ಇರುವ ದ್ವೀಪ. ಅಲ್ಲಿ 1978-79ರಲ್ಲಿ ಮಂಗಗಳೂ ಮನುಷ್ಯರೂ ಈ ರೋಗಕ್ಕೆ ತುತ್ತಾದರು. ಆಂಟಿಗುವಾ, ಬಾರ್ಬಡೋಸ್‌ಗಳಲ್ಲಿ ಇಂದು ಈ ರೋಗದ ಭಯವಿಲ್ಲ. ಪಟ್ಟಿಯಲ್ಲಿ ಟ್ರಿನಿಡಾಡ್ ಇದ್ದು ಇವು ಇಲ್ಲದಿರುವುದು ಅದಕ್ಕೇ.

ಸೊಳ್ಳೆಯ ಗುಟ್ಟು ಹೊರಬಿದ್ದದ್ದೂ ಕೆರಿಬಿಯನ್ನಿನಲ್ಲೇ. ಈ ಜ್ವರವನ್ನು ಸೊಳ್ಳೆ ಹರಡುತ್ತದೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಹೇಳಿದಾಗ ಯಾರೂ ಕಿವಿಗೊಡಲಿಲ್ಲ. 1900ರಲ್ಲಿ ಅಮೆರಿಕ ಸೇನೆಯ ವೈದ್ಯ ವಾಲ್ಟರ್ ರೀಡ್ ಅವರ ತಂಡ ಕ್ಯೂಬಾದಲ್ಲೇ ಅದನ್ನು ಸಾಬೀತುಪಡಿಸಿತು. 1930ರ ದಶಕದಲ್ಲಿ ಇದಕ್ಕೆ ಲಸಿಕೆ ಕಂಡುಹಿಡಿದ ಮ್ಯಾಕ್ಸ್ ಥೀಲರ್ ಅವರಿಗೆ 1951ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂದು ನಾವು ಚುಚ್ಚಿಸಿಕೊಳ್ಳುವುದು ಅದೇ ವಂಶದ ಲಸಿಕೆಯನ್ನು.

ರೋಗವಿಲ್ಲದ ದೇಶಕ್ಕೇಕೆ ಇಷ್ಟು ಬಿಗಿ?

“ಅವರ ದೇಶದ ರೋಗಕ್ಕೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲಿ ತಪಾಸಣೆಯೇ?” ಎಂದು ಮಾಸ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಅವರ ತೋಟದಲ್ಲೇ ಇದೆ.

ಹಳದಿ ಜ್ವರವನ್ನು ಊರುಗಳಲ್ಲಿ ಹರಡುವುದು ಈಡಿಸ್ ಸೊಳ್ಳೆ. ಡೆಂಗಿ, ಚಿಕುನ್‌ಗುನ್ಯಾ ಹರಡುವುದೂ ಅದೇ. ಮಳೆಗಾಲದಲ್ಲಿ ಅಡಿಕೆ ತೋಟದ ಹಾಳೆ, ರಬ್ಬರ್ ತೋಟದಲ್ಲಿ ಹಾಲು ಹಿಡಿಯುವ ಚಿಪ್ಪು, ಅಂಗಳದ ತೆಂಗಿನ ಗೆರಟೆ, ಹಳೆಯ ಟೈರುಗಳಲ್ಲಿ ನಿಂತ ನೀರಿನಲ್ಲಿ ಈಡಿಸ್ ಸೊಳ್ಳೆಗಳು ಸುಖವಾಗಿ ಹುಟ್ಟುತ್ತವೆ. ಹರಡುವ ಸೊಳ್ಳೆ ನಮ್ಮಲ್ಲಿದೆ, ಲಸಿಕೆ ಪಡೆಯದ ಕೋಟ್ಯಂತರ ಜನರಿದ್ದಾರೆ. ಇಲ್ಲದಿರುವುದು ವೈರಸ್ ಒಂದೇ. ಅದನ್ನು ರಕ್ತದಲ್ಲಿ ಹೊತ್ತ ಒಬ್ಬ ಪ್ರಯಾಣಿಕ ಜುಲೈ ತಿಂಗಳಲ್ಲಿ ಬಂದಿಳಿದು ಇಲ್ಲಿನ ಸೊಳ್ಳೆಯಿಂದ ಕಚ್ಚಿಸಿಕೊಂಡರೆ ಏನಾದೀತೆಂದು ಊಹಿಸಿ. 2016ರಲ್ಲಿ ಆಫ್ರಿಕಾದ ಅಂಗೋಲಾದಲ್ಲಿ ದುಡಿದು ಮರಳಿದ ಹನ್ನೊಂದು ಮಂದಿ ಚೀನಾಕ್ಕೆ ಈ ರೋಗ ಹೊತ್ತು ತಂದಿದ್ದರು. ಅದೃಷ್ಟವಶಾತ್ ಅಲ್ಲಿ ಅದು ಹಬ್ಬಲಿಲ್ಲ. ನಮ್ಮ ಸರ್ಕಾರದ ಬಿಗಿ ಅನಾವಶ್ಯಕವಲ್ಲ ಎಂಬುದಕ್ಕೆ ಇಷ್ಟು ಸಾಕು.

ನಿಯಮ ಹೀಗಿದೆ. ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶವನ್ನು ಬಿಟ್ಟ ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರ ಬಳಿ ಲಸಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಇರಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಆರು ದಿನವೇ ಏಕೆಂದರೆ, ರೋಗ ಮೈಯೊಳಗೆ ಅಡಗಿರಬಹುದಾದ ಅವಧಿ ಅಷ್ಟು. ಇದು ಭಾರತೀಯರಿಗೂ ವಿದೇಶಿಯರಿಗೂ ಒಂದೇ. ಆರು ತಿಂಗಳೊಳಗಿನ ಹಸುಳೆಗಳಿಗೆ ಮಾತ್ರ ವಿನಾಯಿತಿ. ಕೆರಿಬಿಯನ್ ಸುತ್ತಮುತ್ತ ಟ್ರಿನಿಡಾಡ್, ಗಯಾನಾ, ಸುರಿನಾಮ್, ವೆನೆಜುವೆಲಾ, ಕೊಲಂಬಿಯಾ, ಪನಾಮಾ ಈ ಪಟ್ಟಿಯಲ್ಲಿವೆ. ಆಫ್ರಿಕಾದಲ್ಲಿ ಕೀನ್ಯಾ, ಇಥಿಯೋಪಿಯಾ, ನೈಜೀರಿಯಾ ಸೇರಿ ಹಲವು ದೇಶಗಳಿವೆ.

ಲೆಕ್ಕ ದೇಶದ್ದಲ್ಲ, ದಾರಿಯದು

2024ರ ಟಿ-20 ವಿಶ್ವಕಪ್ ನೆನಪಿಸಿಕೊಳ್ಳಿ. ಭಾರತ ತಂಡ ಜೂನ್ 22ರಂದು ಆಂಟಿಗುವಾದಲ್ಲಿ, 24ರಂದು ಸೇಂಟ್ ಲೂಸಿಯಾದಲ್ಲಿ, 27ರಂದು ಗಯಾನಾದಲ್ಲಿ ಸೆಮಿಫೈನಲ್, 29ರಂದು ಬಾರ್ಬಡೋಸ್‌ನಲ್ಲಿ ಫೈನಲ್ ಆಡಿ ಗೆದ್ದಿತು. ಆಂಟಿಗುವಾ ಮತ್ತು ಬಾರ್ಬಡೋಸ್ ಪಂದ್ಯಗಳನ್ನಷ್ಟೇ ನೋಡಿ ಲಂಡನ್ ಮೇಲೆ ಮರಳಿದ ಅಭಿಮಾನಿಗೆ ಹಳದಿ ಪ್ರಮಾಣಪತ್ರದ ಅಗತ್ಯವಿಲ್ಲ. ತಂಡದ ಹಿಂದೆಯೇ ಗಯಾನಾಕ್ಕೂ ಹೋಗಿ, ಫೈನಲ್ ಮುಗಿದೊಡನೆ ಭಾರತಕ್ಕೆ ಹಾರಿದವನಿಗೆ ಅದು ಬೇಕೇ ಬೇಕು. ವಿಮಾನ ಹತ್ತಿದ್ದು ಬಾರ್ಬಡೋಸ್‌ನಿಂದಲೇ ಆದರೂ ಗಯಾನಾ ಬಿಟ್ಟು ಆರು ದಿನ ಆಗಿರುವುದಿಲ್ಲ.

ವಿಮಾನ ಬದಲಿಸುವ ಊರಿಗೂ ಇದೇ ಎಚ್ಚರಿಕೆ. ಪನಾಮಾ, ಅಡಿಸ್ ಅಬಾಬಾ, ನೈರೋಬಿ ದೊಡ್ಡ ಬದಲಾವಣಾ ನಿಲ್ದಾಣಗಳು, ಟಿಕೆಟ್ ಅಗ್ಗವೆಂದು ಜನ ಆ ದಾರಿ ಹಿಡಿಯುತ್ತಾರೆ. ನಿಲ್ದಾಣದ ಹೊರಗೆ ಕಾಲಿಡದೆ ಮುಂದಿನ ವಿಮಾನ ಹತ್ತಿದವರಿಗೆ ನಮ್ಮ ಆರೋಗ್ಯಾಧಿಕಾರಿ ಒಪ್ಪಿದರೆ ವಿನಾಯಿತಿ ಉಂಟು. ಒಪ್ಪುವುದು, ಬಿಡುವುದು ಅವರ ಅಧಿಕಾರ. ಒಂದು ರಾತ್ರಿ ಹೋಟೆಲಿನಲ್ಲಿ ಮಲಗಿದಿರೋ, ವಿನಾಯಿತಿಯ ಮಾತಿಲ್ಲ. ದ್ವೀಪರಾಷ್ಟ್ರಗಳಲ್ಲಿ ಹಲವು ಕೂಡ ಇಂಥ ದೇಶಗಳಿಂದ ಬರುವವರಲ್ಲಿ ಈ ಪತ್ರ ಕೇಳುತ್ತವೆ. ಭಾರತದಿಂದ ಲಂಡನ್ ಮೇಲೆ ನೇರ ಆಂಟಿಗುವಾಕ್ಕೆ ಹೋಗುವವರಲ್ಲಿ ಕೇಳುವುದಿಲ್ಲ.

ನಾನೇ ಮಾಡಿದ ತಪ್ಪು

ಈ ವಿಷಯದಲ್ಲಿ ಇಷ್ಟೊಂದು ಹೇಳುತ್ತಿರುವುದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಕಾಪು ಕಡೆಯ ಹುಡುಗನೊಬ್ಬ ಹಡಗಿನಿಂದ ಫೋನ್ ಮಾಡಿದ. ಚಿಕ್ಕಂದಿನಿಂದ ನನ್ನಲ್ಲೇ ಮದ್ದು ತೆಗೆದುಕೊಂಡವನು. ಅಕ್ಕನ ಮದುವೆಗೆ ರಜೆ ಸಿಕ್ಕಿತ್ತು, ಟ್ರಿನಿಡಾಡ್ ಬಂದರಿನಲ್ಲಿ ಇಳಿದು ವಿಮಾನ ಹತ್ತುವವನಿದ್ದ. “ಹಳದಿ ಜ್ವರದ ಇಂಜೆಕ್ಷನ್ ಬೇಕಂತೆ, ಏನು ಮಾಡಲಿ ಡಾಕ್ಟ್ರೇ?” ಎಂದು ಕೇಳಿದ. “ಅಲ್ಲಿಯೇ ತೆಗೆದುಕೊಂಡು ಬಾ ಮಾರಾಯ, ಅದರಲ್ಲೇನು” ಎಂದೆ. ಅವನು ಹಾಗೆಯೇ ಮಾಡಿದ, ಹೊರಡುವ ನಾಲ್ಕು ದಿನ ಮೊದಲು.

ನಾನು ಮರೆತದ್ದು ಒಂದು ಚಿಕ್ಕ ಸಂಗತಿ. ಈ ಪ್ರಮಾಣಪತ್ರ ಚುಚ್ಚಿದ ದಿನದಿಂದ ಊರ್ಜಿತವಾಗುವುದಿಲ್ಲ, ಹತ್ತು ದಿನಗಳ ನಂತರ ಊರ್ಜಿತವಾಗುತ್ತದೆ. ಅವನ ಪುಸ್ತಕದಲ್ಲಿ ಸಹಿ, ಮೊಹರು ಎಲ್ಲ ಸರಿಯಿತ್ತು, ದಿನ ಮಾತ್ರ ತುಂಬಿರಲಿಲ್ಲ. ಭಾರತಕ್ಕೆ ಬಂದಿಳಿದ ಅವನನ್ನು ಅವಧಿ ಮುಗಿಯುವವರೆಗೆ ಇರಿಸಿಕೊಂಡರು. ಅಧಿಕಾರಿಗಳದ್ದು ತಪ್ಪಲ್ಲ, ಅವರು ಕಾನೂನಿನಂತೆ ನಡೆದರು. ಹುಡುಗ ಊರು ತಲುಪಿದ್ದು ಮದುವೆಯ ಮಾರನೆಯ ದಿನ. ಮದುವೆಯ ಪಟಗಳಲ್ಲಿ ಒಬ್ಬನೇ ತಮ್ಮ ಇಲ್ಲ. ಅವನ ತಾಯಿ ಇಂದಿಗೂ ನನ್ನಲ್ಲಿಗೇ ಬರುತ್ತಾರೆ, ಒಂದು ಮಾತೂ ಆಡಿಲ್ಲ. ಆಡದಿರುವುದೇ ನನಗೆ ಹೆಚ್ಚು.

ಲಸಿಕೆ ಎಲ್ಲಿ, ಯಾವಾಗ?

ಈ ಲಸಿಕೆಯನ್ನು ಎಲ್ಲ ಆಸ್ಪತ್ರೆಗಳಲ್ಲಿ ಕೊಡುವಂತಿಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ನನ್ನಂಥ ಎಂ.ಬಿ.ಬಿ.ಎಸ್. ವೈದ್ಯ ತನ್ನ ಚೀಟಿಯಲ್ಲಿ ಬರೆದುಕೊಟ್ಟರೆ ಅದಕ್ಕೆ ಬೆಲೆಯಿಲ್ಲ. ಕೇಂದ್ರಗಳ ಪಟ್ಟಿ ಕೇಂದ್ರ ಆರೋಗ್ಯ ಇಲಾಖೆಯಲ್ಲಿ ಸಿಗುತ್ತದೆ, ನಿಮ್ಮ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಯಲ್ಲೂ ವಿಚಾರಿಸಬಹುದು. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದಿದ್ದು, ತೆರೆದ ಮೇಲೆ ಕೆಲವೇ ತಾಸುಗಳಲ್ಲಿ ಮುಗಿಸಬೇಕಾದ್ದರಿಂದ ಅನೇಕ ಕೇಂದ್ರಗಳು ವಾರದ ನಿಗದಿತ ದಿನಗಳಲ್ಲಿ, ಮೊದಲೇ ಹೆಸರು ನೋಂದಾಯಿಸಿದವರಿಗೆ ಮಾತ್ರ ಕೊಡುತ್ತವೆ. ಹೋದ ದಿನವೇ ಸಿಗುತ್ತದೆಂದು ನೆಚ್ಚಬೇಡಿ. ಪಾಸ್‌ಪೋರ್ಟ್ ಜೊತೆಗಿರಲಿ.

ಚುಚ್ಚಿದ ಮೇಲೆ ಕೊಡುವ ಹಳದಿ ಬಣ್ಣದ ಪುಸ್ತಕವನ್ನು ಅಲ್ಲಿಯೇ ತೆರೆದು ನೋಡಿ. ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇದೆಯೇ? ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ ಸರಿಯೇ? ಲಸಿಕೆಯ ದಿನ, ತಯಾರಿಕೆಯ ಸಂಖ್ಯೆ, ವೈದ್ಯರ ಸಹಿ, ಕೇಂದ್ರದ ಮೊಹರು ಇವೆಯೇ? ನಿಮ್ಮ ಸಹಿ ಹಾಕಿದಿರಾ? ಮುಂದೆ ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಸಂಖ್ಯೆ ಬದಲಾಗುತ್ತದೆ, ಆಗ ಹಳೆಯ ಪಾಸ್‌ಪೋರ್ಟನ್ನೂ ಜೊತೆಗಿಟ್ಟುಕೊಳ್ಳಿ. ಹಿಂದೆ ಈ ಪತ್ರ ಹತ್ತು ವರ್ಷಗಳಿಗೆ ಮಾತ್ರ ಊರ್ಜಿತವಾಗಿತ್ತು. 2016ರ ಜುಲೈ 11ರಿಂದ ಒಂದು ಬಾರಿ ಪಡೆದ ಲಸಿಕೆ ಜೀವನಪರ್ಯಂತ ಸಲ್ಲುತ್ತದೆ, ಹಿಂದೆ ಪಡೆದವರಿಗೂ ಇದು ಅನ್ವಯ. ಆದ್ದರಿಂದ ಪುಸ್ತಕವನ್ನು ಜೋಪಾನವಾಗಿಡಿ.

ಲಸಿಕೆಯ ನಂತರ ಕೆಲವರಿಗೆ ಒಂದೆರಡು ದಿನ ಸಣ್ಣ ಜ್ವರ, ಮೈಕೈ ನೋವು ಬರಬಹುದು. ಹೆದರಬೇಕಾಗಿಲ್ಲ.

ಯಾರಿಗೆ ಕೊಡಬಾರದು?

ಇದು ಬಲ ಕುಂದಿಸಿದ, ಆದರೆ ಜೀವಂತ ವೈರಸ್ ಇರುವ ಲಸಿಕೆ. ಆರೋಗ್ಯವಂತರ ದೇಹ ಅದನ್ನು ಸುಲಭವಾಗಿ ಹತ್ತಿಕ್ಕಿ ರಕ್ಷಣೆ ಕಲಿಯುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಲಸಿಕೆಯ ವೈರಸ್ಸೇ ತಲೆಯೆತ್ತಬಹುದು. ಆದ್ದರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು, ಹೆಚ್ಚಿನ ಪ್ರಮಾಣದ ಸ್ಟೆರಾಯ್ಡ್ ಅಥವಾ ಮೆಥೊಟ್ರೆಕ್ಸೇಟ್‌ನಂಥ ಔಷಧ ಸೇವಿಸುವವರು, ಎಚ್.ಐ.ವಿ.ಯಿಂದ ಶಕ್ತಿ ಕುಂದಿದವರು, ಥೈಮಸ್ ಗ್ರಂಥಿಯ ರೋಗವಿದ್ದವರು, ಮೊಟ್ಟೆ ತಿಂದರೆ ತೀವ್ರ ಅಲರ್ಜಿ ಆಗುವವರು ಇದನ್ನು ಪಡೆಯಬಾರದು. ಆರು ತಿಂಗಳೊಳಗಿನ ಶಿಶುಗಳಿಗೆ ಖಂಡಿತ ಇಲ್ಲ, ಸಾಮಾನ್ಯವಾಗಿ ಒಂಬತ್ತು ತಿಂಗಳ ನಂತರವೇ ಕೊಡುವುದು. ಗರ್ಭಿಣಿಯರು, ಎಳೆಗೂಸಿಗೆ ಹಾಲೂಡಿಸುವ ತಾಯಂದಿರು, 60 ದಾಟಿ ಮೊದಲ ಬಾರಿಗೆ ಪಡೆಯುವವರು ವೈದ್ಯರೊಡನೆ ಕುಳಿತು ಲಾಭ-ಅಪಾಯ ತೂಗಿಯೇ ನಿರ್ಧರಿಸಬೇಕು. 60 ದಾಟಿದವರಲ್ಲಿ ತೀವ್ರ ದುಷ್ಪರಿಣಾಮ ಅಪರೂಪವೇ, ಆದರೆ ಕಿರಿಯರಿಗಿಂತ ಹೆಚ್ಚು.

ಲಸಿಕೆ ಪಡೆಯಲಾರದವರಿಗೆ ವೈದ್ಯಕೀಯ ವಿನಾಯಿತಿ ಪತ್ರ ಉಂಟು. ಆದರೆ ಪತ್ರ ಇದ್ದ ಮಾತ್ರಕ್ಕೆ ಪ್ರತ್ಯೇಕವಾಸ ತಪ್ಪುತ್ತದೆಂಬ ಖಾತ್ರಿಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಸೊಳ್ಳೆ ಪತ್ರ ಓದುವುದಿಲ್ಲ.

ಮಾಸ್ಟ್ರು ಮಾಡಿದ್ದೇನು?

ಅಂದು ನಾವು ಮೂವರೂ ಕುಳಿತು ಲೆಕ್ಕ ಹಾಕಿದೆವು. ಅಮ್ಮನವರಿಗೆ ಲಸಿಕೆ ಕೊಡುವಂತಿಲ್ಲ. ಅದಕ್ಕಾಗಿ ಮೆಥೊಟ್ರೆಕ್ಸೇಟ್ ನಿಲ್ಲಿಸಿದರೆ ಗಂಟುನೋವು ಮರುಕಳಿಸಿ, ಮಗುವನ್ನು ಮೀಯಿಸಬೇಕಾದ ಕೈಗಳೇ ಬಿಗಿದಾವು. ಮಾಸ್ಟ್ರಿಗೆ 68, ಮೊದಲ ಸಲ. ಲಸಿಕೆಯಿಲ್ಲದೆ ಟ್ರಿನಿಡಾಡ್‌ಗೆ ಹೋದರೆ ಮರಳುವಾಗ ಪ್ರತ್ಯೇಕವಾಸ, ಜೊತೆಗೆ ರೋಗದ ಸಣ್ಣ ಅಪಾಯ. ಟ್ರಿನಿಡಾಡ್ ಬಿಟ್ಟ ಮೇಲೆ ಲಂಡನ್ನಿನಲ್ಲಿ ಆರು ದಿನ ಕಳೆದು ಬಂದರೆ ಕಾನೂನು ಕೇಳುವುದಿಲ್ಲ, ಆದರೆ ಅದಕ್ಕೆ ಆ ದೇಶದ ವೀಸಾ, ಖರ್ಚು, ಚಳಿ ಎಲ್ಲ ಬೇಕು.

“ಹಾಗಾದರೆ ಟ್ರಿನಿಡಾಡನ್ನೇ ಬಿಡುವ” ಎಂದರು ಅಮ್ಮ. ಅಷ್ಟು ಹೊತ್ತೂ ಅವರು ಮಾತಾಡಿರಲಿಲ್ಲ. “ನಾವು ಹೊರಟದ್ದು ಬಾಣಂತನಕ್ಕೆ, ಊರು ನೋಡಲಿಕ್ಕಲ್ಲ.” ಮಾಸ್ಟ್ರ ಮುಖ ಸ್ವಲ್ಪ ಬಾಡಿತು. ಟಿಕೆಟ್ ಬದಲಿಸಲು ಒಂದಷ್ಟು ದುಡ್ಡೂ ಹೋಯಿತು. ಆದರೆ ಹೋಗಿ ಬಂದ ದಾರಿಯಲ್ಲಿ ಎಲ್ಲಿಯೂ ತಡೆಯಾಗಲಿಲ್ಲ. ಸಹೋದ್ಯೋಗಿಯ ಮಗ ತಾನೇ ಆಂಟಿಗುವಾಕ್ಕೆ ಬಂದು ಇವರನ್ನು ಕಂಡನಂತೆ.

ಉಳಿದ ಜಾಗ್ರತೆಗಳು

ಹಳದಿ ಜ್ವರ ಇಲ್ಲದ ದ್ವೀಪಗಳಲ್ಲೂ ಡೆಂಗಿ, ಚಿಕುನ್‌ಗುನ್ಯಾ ಇವೆ. 2015-16ರಲ್ಲಿ ಝಿಕಾ ರೋಗ ಆ ಭಾಗದಲ್ಲೆಲ್ಲ ಹಬ್ಬಿತ್ತು. ಅದು ಗರ್ಭಿಣಿಗೆ ತಗಲಿದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆ ಕುಂಠಿತವಾಗಬಹುದು. ಗರ್ಭಿಣಿಯರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳಲೇಬೇಕು. ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ತುಂಬುತೋಳಿನ ಬಟ್ಟೆ, ಸೊಳ್ಳೆ ನಿವಾರಕ ಮುಲಾಮು, ಮಗು ಹಗಲು ಮಲಗುವಾಗಲೂ ಸೊಳ್ಳೆಪರದೆ ಇರಲಿ.

ದಿನನಿತ್ಯದ ಮಾತ್ರೆಗಳನ್ನು ಪೂರ್ತಿ ಪ್ರವಾಸಕ್ಕೆ ಸಾಕಾಗುವಷ್ಟು, ಜೊತೆಗೆ ಹತ್ತು ದಿನಕ್ಕೆ ಹೆಚ್ಚುವರಿಯಾಗಿ, ಅಂಗಡಿಯ ಮೂಲ ಪೊಟ್ಟಣದಲ್ಲೇ ಒಯ್ಯಿರಿ. ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಔಷಧದ ಮೂಲ ಹೆಸರು ಬರೆದ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆಯಿರುವ ಚೀಟಿ ಜೊತೆಗಿರಲಿ. ಅಲ್ಲಿ ನಮ್ಮ ಕಂಪನಿಗಳ ಹೆಸರು ಯಾರಿಗೂ ತಿಳಿಯದು. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಯಲ್ಲಿ ಹೋಗುವ ಪೆಟ್ಟಿಗೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ನಿದ್ರೆಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧ ಇವುಗಳಿಗೆ ಹಲವು ದೇಶಗಳಲ್ಲಿ ನಿರ್ಬಂಧವಿದೆ. ನೆರೆಮನೆಯವರು “ನನ್ನ ಮಗನಿಗೆ ಕೊಡಿ” ಎಂದು ಕೊಟ್ಟ ಔಷಧವನ್ನು ಒಯ್ಯಲೇಬೇಡಿ. ಪ್ರಯಾಣದ ಆರೋಗ್ಯ ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕಷ್ಟಕಾಲದಲ್ಲಿ ವಿಮೆ ಕೈಕೊಡುತ್ತದೆ.

ಕತ್ತರಿಸಿಟ್ಟುಕೊಳ್ಳಿ

• ಎರಡು ತಿಂಗಳು ಮೊದಲು: ಪಾಸ್‌ಪೋರ್ಟಿನ ಅವಧಿ ನೋಡಿ. ಹೋಗುವ, ಹಾಯುವ, ಮರಳುವ ಎಲ್ಲ ದೇಶಗಳ ಹೆಸರನ್ನು ಒಂದು ಕಾಗದದಲ್ಲಿ ಬರೆದು ವೈದ್ಯರಿಗೆ ತೋರಿಸಿ. ಟಿಕೆಟ್ ನಂತರ.

• ಆರು ವಾರ ಮೊದಲು: ಹಳದಿ ಜ್ವರದ ಲಸಿಕೆ ಬೇಕಾದರೆ ಮಾನ್ಯತೆ ಪಡೆದ ಕೇಂದ್ರದಲ್ಲಿ ದಿನ ಗೊತ್ತುಮಾಡಿ. ದಡಾರದಂಥ ಇತರ ಜೀವಂತ ಲಸಿಕೆಗಳಿದ್ದರೆ ಒಂದೇ ದಿನ ಅಥವಾ ನಾಲ್ಕು ವಾರಗಳ ಅಂತರದಲ್ಲಿ ಪಡೆಯಬೇಕಾಗುತ್ತದೆ, ಮೊದಲೇ ತಿಳಿಸಿ.

• ಹತ್ತು ದಿನ ಮೊದಲು: ಇದು ಕೊನೆಯ ಗಡಿ. ಇದಕ್ಕಿಂತ ತಡವಾಗಿ ಪಡೆದ ಲಸಿಕೆಯ ಪತ್ರ ಹೊರಡುವ ದಿನಕ್ಕೆ ಊರ್ಜಿತವಲ್ಲ.

• ಹೊರಡುವ ದಿನ: ಹಳದಿ ಪುಸ್ತಕ ಪಾಸ್‌ಪೋರ್ಟಿನ ಜೊತೆಯಲ್ಲೇ, ಕೈಚೀಲದಲ್ಲಿ. ಅದರ ಒಂದು ಪ್ರತಿ ಮನೆಯಲ್ಲಿ.

• ಮರಳಿದ ಮೇಲೆ: ಎರಡು ಮೂರು ವಾರಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, “ನಾನು ಇಂಥ ದೇಶದಿಂದ ಬಂದಿದ್ದೇನೆ” ಎಂಬುದು. ರಕ್ತಪರೀಕ್ಷೆಗಿಂತ ಮುಂಚೆ ದಾರಿ ತೋರಿಸುವುದು ಅದೇ.

ಹೊರನಾಡಿಗೆ ಹೊರಟ ಮನೆಗಳಲ್ಲಿ ವೈದ್ಯರ ಸರದಿ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಉಪ್ಪಿನಕಾಯಿ ಭರಣಿ ಕಟ್ಟಿ ಮುಗಿದ ಮೇಲೆ. ಅದನ್ನು ಮೊದಲಿಗೆ ತನ್ನಿ. ಮಾಸ್ಟ್ರು ಮೊನ್ನೆ ಬಂದಿದ್ದರು. ಮೊಮ್ಮಗಳ ಪಟ ತೋರಿಸಿದರು, ಅಜ್ಜಿಯ ತೊಡೆಯ ಮೇಲೆ ಎಣ್ಣೆ ಹಚ್ಚಿಸಿಕೊಂಡು ಮಲಗಿದೆ. ಕಾಪುವಿನ ಆ ಹುಡುಗ ಈಗಲೂ ಹಡಗಿನಲ್ಲಿದ್ದಾನೆ, ಪುಸ್ತಕ ಸದಾ ಅವನ ಪಾಸ್‌ಪೋರ್ಟಿನೊಳಗೇ ಇರುತ್ತದಂತೆ. ಮುಂದಿನ ವರ್ಷ ಅವನ ಮದುವೆ. ಈ ಸಲ ಫೋನ್ ಮಾಡಿದರೆ ನಾನು ಮೊದಲು ಕ್ಯಾಲೆಂಡರ್ ನೋಡಿಯೇ ಉತ್ತರ ಹೇಳುತ್ತೇನೆ.